ಬಲ್ಮಠದಿಂದ ಆನಂದಪುರಕ್ಕೆ

1852ರ ಹೊತ್ತಿಗೆ ಬಾಸೆಲ್ ಮಿಶನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಮಂಗಳೂರು ಬಿಡುವ ಯೋಚನೆಯಲ್ಲಿದ್ದರು. ವಯಸ್ಸು ನಲವತ್ತು ದಾಟಿತ್ತು, ದೇಹ ಸೋತಿತ್ತು. ಬಂದು ಹದಿನಾರು ವರ್ಷವಾಗಿತ್ತು. ಅಷ್ಟರಲ್ಲಿ ಒಬ್ಬ ಮನುಷ್ಯ ಮಾಡಬಹುದಾದದ್ದಕ್ಕಿಂತ ಹೆಚ್ಚೇ ಮಾಡಿ ಮುಗಿಸಿದ್ದರು. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದಾಗಿತ್ತು, ದಾಸರ ಪದಗಳನ್ನು ಅಚ್ಚಿಗೆ ತಂದದ್ದಾಗಿತ್ತು, ಬಲ್ಮಠದ ಗುಡ್ಡದ ಮೇಲೆ ಕ್ರೈಸ್ತ ಉಪದೇಶಿಗಳನ್ನು ತಯಾರು ಮಾಡುವ ಒಂದು ಪುಟ್ಟ ಸೆಮಿನರಿಯನ್ನು ಕಟ್ಟಿದ್ದಾಗಿತ್ತು. ಇನ್ನು ಸಾಕು ಅನ್ನುವ ಹೊತ್ತಿಗೆ ಘಟ್ಟದ ಮೇಲಿನಿಂದ ಒಬ್ಬ ಕೊಡವರು ಇಳಿದು ಬಂದರು. ಹೆಸರು ಅಲ್ಮಂಡ ಸೋಮಯ್ಯ. ಹುಟ್ಟಿದ ಒಕ್ಕದ, ಅಂದರೆ ಕುಲದ ಮನೆತನದ, ಆಚೆಗೆ ದಾರಿ ಹುಡುಕುತ್ತಿದ್ದ ಮನುಷ್ಯ.

ಮೋಗ್ಲಿಂಗ್ ಊರಿಗೆ ಹೋಗಲಿಲ್ಲ. 1853ರ ಆರಂಭದಲ್ಲಿ ಸೋಮಯ್ಯನವರ ಜೊತೆ ಕೊಡಗಿಗೆ ಹೊರಟರು. ಬಾಸೆಲ್ ಮಿಶನ್ನಿಗೆ ಅಲ್ಲಿ ಆಗ ಠಾಣೆಯೂ ಇರಲಿಲ್ಲ, ಯೋಜನೆಯೂ ಇರಲಿಲ್ಲ. ಮೊದಮೊದಲು ಇದು ಹೆಚ್ಚುಕಡಿಮೆ ಅವರ ಸ್ವಂತ ಹೊಣೆಯ ಕೆಲಸ. ಸೆಮಿನರಿಯ ಮೇಷ್ಟ್ರೊಬ್ಬರು ಸೆಮಿನರಿ ಬಿಟ್ಟು ನಡೆದದ್ದರಿಂದ ಕೊಡಗಿನ ಪ್ರಾಟೆಸ್ಟೆಂಟ್ ಚರಿತ್ರೆ ಶುರುವಾಯಿತು. ಅದೇ ಜಾಡಿನಲ್ಲಿ ಆ ನಾಡಿನ ಇಂಗ್ಲಿಷ್ ಶಾಲೆಗೂ ಒಬ್ಬ ಮಿಶನರಿ ಹೆಡ್‌ಮಾಸ್ಟರ್ ಸಿಕ್ಕರು, ಹೊಲೆಯರ ಕೇರಿಯಿಂದ ಎದ್ದು ಬಂದವರಿಗೆ ಒಂದು ಊರೂ ಸಿಕ್ಕಿತು. ಆದರೆ ಇವು ಮೂರೂ ಒಂದೇ ಕತೆಯ ಅಧ್ಯಾಯಗಳೆಂದು ಹೇಳುವುದು ಕಷ್ಟ. ಒಂದನ್ನೊಂದು ಮುಟ್ಟದ ಹಾಗೆ ಅವು ಬೆಳೆದವು.

ಮೊದಲು ಆ ಸೆಮಿನರಿಯ ಮಾತು ಆಡಬೇಕು.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಅದರ ಬೆನ್ನೆಲುಬು ಮಾತ್ರ ಗಡಿಯಾಚೆಯ ಜರ್ಮನಿಯ ವ್ಯುರ್ಟೆಂಬರ್ಗಿನ ರೈತರು, ನೇಕಾರರು, ಕೈಕಸುಬಿನವರು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆದಾಗ ಅವರು ತಡಮಾಡಲಿಲ್ಲ. 1834ರ ಅಕ್ಟೋಬರಿನಲ್ಲಿ ಸಾಮುವೆಲ್ ಹೆಬಿಕ್, ಯೋಹಾನ್ ಲೇನರ್, ಕ್ರಿಸ್ಟಿಯನ್ ಗ್ರೈನರ್ ಮೂವರು ಮಂಗಳೂರಿಗೆ ಬಂದರು. ಮೋಗ್ಲಿಂಗ್ ಬಂದದ್ದು ಎರಡು ವರ್ಷದ ಮೇಲೆ, 1836ರ ಕೊನೆಗೆ. ಬಾಸೆಲ್‌ನ ಬಹುಪಾಲು ಮಿಶನರಿಗಳಂತೆ ಅವರು ಅಲ್ಲಿನ ತರಬೇತಿ ಶಾಲೆಯನ್ನಷ್ಟೇ ಕಂಡವರಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ್ದವರು. ಈ ವ್ಯತ್ಯಾಸ ಸಣ್ಣದಲ್ಲ. ಓದುವ ಚಟ ಇದ್ದವನೇ ಓದಿಸುವ ಹಟವನ್ನೂ ಹಿಡಿಯುವುದು.

ಮಂಗಳೂರಿನಲ್ಲಿ ಅವರು ನಡೆಸಿದ ಇಂಗ್ಲಿಷ್ ಶಾಲೆಗೆ ಊರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗರು ಬಂದರು. ಇಂಗ್ಲಿಷ್ ಕಲಿತರೆ ಕಚೇರಿಯಲ್ಲಿ ಕೆಲಸ. ತಂದೆತಾಯಿಗಳ ಲೆಕ್ಕ ಅಷ್ಟೇ. 1844ರ ಜನವರಿ 6ರಂದು ಆ ಶಾಲೆಯ ಆನಂದರಾವ್ ಕೌಂಡಿನ್ಯ, ಮುಕುಂದರಾವ್, ಭಗವಂತರಾವ್ ಎಂಬ ಮೂವರು ದೀಕ್ಷಾಸ್ನಾನ ಪಡೆದಾಗ ಲೆಕ್ಕ ತಲೆಕೆಳಗಾಯಿತು. ಊರೇ ಎದ್ದು ನಿಂತಿತು. ಮಿಶನ್ನಿನವರ ದೃಷ್ಟಿಯಲ್ಲಿ ಅದು ವಿಜಯ. ಆ ಮನೆಗಳ ದೃಷ್ಟಿಯಲ್ಲಿ ಏನಾಗಿತ್ತೆಂದು ಮಿಶನ್ನಿನ ಕಾಗದಗಳನ್ನಷ್ಟೇ ಓದಿದರೆ ತಿಳಿಯುವುದಿಲ್ಲ. ಬದುಕಿದ್ದ ಮಗನಿಗೆ ತಿಲೋದಕ ಬಿಡಬೇಕಾಗಿ ಬಂದ ತಂದೆತಾಯಿಗಳ ಕಾಲ ಅದು.

ಆನಂದರಾವ್ ಗುರುವಿನ ಹೆಸರನ್ನೇ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದರು. 1846ರಲ್ಲಿ ಮೋಗ್ಲಿಂಗ್ ಅವರೊಡನೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು ಮಂಗಳೂರಿಗೆ ಮರಳಿದರು. ಬಾಸೆಲ್ ಮಿಶನ್ ಹೀಗೆ ಅಭಿಷೇಕಿಸಿದ ಮೊದಲ ಭಾರತೀಯರು ಅವರೇ. ಸೆಮಿನರಿಯಲ್ಲಿ ಪಾಠ ಹೇಳತೊಡಗಿದರು. ಶಿಷ್ಯನಾಗಿದ್ದವನು ಏಳೆಂಟು ವರ್ಷಗಳಲ್ಲಿ ಗುರುಪೀಠಕ್ಕೆ ಬಂದದ್ದು ಆ ಕಾಲದ ಯಾವ ಮಿಶನ್ನಿನಲ್ಲೂ ಸಾಮಾನ್ಯ ಸಂಗತಿಯಲ್ಲ.

ಬಲ್ಮಠದ ಸೆಮಿನರಿ ಶುರುವಾದದ್ದು 1847ರಲ್ಲಿ. ಸೆಮಿನರಿ ಎಂದರೆ ಈಗ ಕಣ್ಣಿಗೆ ಬರುವ ಕಟ್ಟಡ, ಗ್ರಂಥಾಲಯ, ಪದವಿಪತ್ರ ಯಾವುದೂ ಅಲ್ಲ. ಕೆಲವು ಹುಡುಗರು, ಒಬ್ಬಿಬ್ಬರು ಮೇಷ್ಟ್ರು, ಗುಡ್ಡದ ಮೇಲೊಂದು ಮನೆ. ಉದ್ದೇಶವೂ ಚಿಕ್ಕದೇ: ಹಳ್ಳಿಗಳಿಗೆ ಉಪದೇಶಿಗಳು ಬೇಕು, ಶಾಲೆಗಳಿಗೆ ಮೇಷ್ಟ್ರುಗಳು ಬೇಕು, ಮುಂದೆ ಒಂದು ದಿನ ಸಭಾಪಾಲಕರು ಬೇಕು. ಬಿಳಿಯರ ಬೆನ್ನಿಗೆ ದುಭಾಷಿಯಾಗಿ ನಿಲ್ಲುವವರಲ್ಲ, ತಾವೇ ಮುಂದೆ ನಿಂತು ಮಾತಾಡಬಲ್ಲವರು. ಹಾಗೆ ಮಾತಾಡಬೇಕಾದರೆ ಭಾಷೆ ಬೇಕು. ಮೋಗ್ಲಿಂಗ್ ಅವರ ವಿಚಾರದ ತಿರುಳು ಇದು. ಸತ್ಯವೇದವನ್ನು ಕನ್ನಡದಲ್ಲಿ ಹೇಳುವವನಿಗೆ ಕನ್ನಡ ಕೇಳುಗ ಏನನ್ನು ಕೇಳಿ ಬೆಳೆದಿದ್ದಾನೆಂಬುದೂ ಗೊತ್ತಿರಬೇಕು. ಜೈಮಿನಿ ಓದದೆ, ದಾಸರ ಪದ ಕೇಳದೆ, ಬಸವಪುರಾಣದ ಹೆಸರು ಅರಿಯದೆ ಮಾತಾಡಹೊರಟವನ ಕನ್ನಡವನ್ನು ಯಾರು ಕೇಳುತ್ತಾರೆ?

ಈ ವಿಚಾರವೇ 1848ರಿಂದ 1853ರವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಾಗಿ ಹೊರಬಂತು. ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಹಣ ಕೊಟ್ಟರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಹೀಗೆ ಒಂದೊಂದೇ ತಾಳೆಗರಿಯಿಂದ ಕಲ್ಲಚ್ಚಿಗೆ ಇಳಿದವು. ಅದಕ್ಕೂ ಮೊದಲು, 1843ರ ಜುಲೈ 1ರಂದು, ‘ಮಂಗಳೂರ ಸಮಾಚಾರ’ ಹೊರಟಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡು ನಿಂತೂ ಹೋಗಿತ್ತು. ಇವನ್ನೆಲ್ಲ ನಾವು ಇಂದು ಕನ್ನಡದ ಸೇವೆ ಎಂದು ಹೊಗಳುತ್ತೇವೆ. ಹೊಗಳುವಾಗ ಒಂದನ್ನು ಮರೆಯುತ್ತೇವೆ: ಮೋಗ್ಲಿಂಗ್ ಅವರಿಗೆ ಆ ಪುರಾಣಗಳ ಮೇಲೆ ಭಕ್ತಿ ಇರಲಿಲ್ಲ. ಎದುರಾಳಿಯ ಮನೆಯ ನಕ್ಷೆ ತಿಳಿಯಬೇಕೆಂಬ ಆಸೆಯೂ ಆ ಶ್ರಮದ ಹಿಂದೆ ಇತ್ತು. ಆದರೆ ನಕ್ಷೆ ಬರೆಯಲು ಕೂತವನಿಗೆ ಮನೆಯೇ ಹಿಡಿಸಿಬಿಟ್ಟಂತೆ ಕಾಣುತ್ತದೆ. ಬರೀ ಖಂಡನೆಗೆ ಬೇಕಾಗಿದ್ದರೆ ಅಷ್ಟು ಪದಗಳನ್ನು ಅಷ್ಟು ಜತನದಿಂದ ಅಚ್ಚು ಹಾಕಿಸುವ ಅಗತ್ಯ ಯಾರಿಗಿರುತ್ತದೆ?

ಇಂಥ ಮೇಷ್ಟ್ರು ಸಂಪಾಜೆ ಘಾಟಿ ಹತ್ತಿ ಕೊಡಗಿಗೆ ಹೋದಾಗ ಅಲ್ಲಿ ಕಂಡ ನಾಡು ಯಾವುದು?

ಕಂಪನಿ ಸರ್ಕಾರ ಕೊಡಗನ್ನು ನುಂಗಿದ್ದು 1834ರಲ್ಲಿ, ಅಂದರೆ ಬಾಸೆಲ್‌ನವರು ಮಂಗಳೂರಿಗೆ ಕಾಲಿಟ್ಟ ವರ್ಷದಲ್ಲೇ. ಚಿಕ್ಕವೀರರಾಜೇಂದ್ರ ಗದ್ದುಗೆ ಕಳಕೊಂಡ. ಪುತ್ತೂರು, ಅಮರ ಸುಳ್ಯದ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯ ರೈತರು ಧಾನ್ಯದ ಬದಲು ಹಣದಲ್ಲಿ ಕಂದಾಯ ಕಟ್ಟಬೇಕಾಯಿತು. 1837ರ ಏಪ್ರಿಲಿನಲ್ಲಿ ದಂಗೆ ಎದ್ದ ಕಲ್ಯಾಣಪ್ಪನ ದಂಡು ಮಂಗಳೂರಿಗೇ ನುಗ್ಗಿ ಬಾವುಟಗುಡ್ಡೆಯ ಮೇಲೆ ಬಾವುಟ ಏರಿಸಿತು. ಬಲ್ಮಠಕ್ಕೂ ಆ ಗುಡ್ಡೆಗೂ ಏನು ಮಹಾ ದೂರ? ದಂಗೆ ಅಡಗಿದ ಮೇಲೆ ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಸೆಮಿನರಿಗೂ ಕೊಡಗಿಗೂ ನಡುವಿನ ಹಾದಿ ಬರೀ ಕಾಡು, ಮಳೆ, ಜಿಗಣೆಯ ಹಾದಿಯಲ್ಲ. ಅದರ ಮೇಲೆ ಹದಿನೈದು ವರ್ಷ ಹಳೆಯ ನೆತ್ತರು ಇತ್ತು.

ಮತ್ತೆ 1852ರಲ್ಲಿ ಇನ್ನೊಂದು. ಸೋಮಯ್ಯ ಘಟ್ಟ ಇಳಿದು ಬಂದ ವರ್ಷವೇ ಪದಚ್ಯುತ ರಾಜ ಮಗಳು ಗೌರಮ್ಮನನ್ನು ಕರಕೊಂಡು ಲಂಡನ್ನಿಗೆ ಹೋದ. ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆ ಹುಡುಗಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ಒಂದೇ ನಾಡಿನ ಇಬ್ಬರು, ಒಂದೆರಡು ವರ್ಷದೊಳಗೆ, ಒಂದೇ ಮತ. ಒಬ್ಬಳಿಗೆ ಆರ್ಚ್‌ಬಿಷಪ್ಪು, ಅರಮನೆ. ಇನ್ನೊಬ್ಬರಿಗೆ ಕಾಯಿಲೆಯ ಮೇಷ್ಟ್ರು, ಒಕ್ಕದ ಮುನಿಸು. ಗೌರಮ್ಮನ ದೀಕ್ಷೆ ಪತ್ರಿಕೆಗಳಲ್ಲಿ ಬಂತು. ಕೊಡಗಿನಲ್ಲಿ ಏನಾದರೂ ಆದದ್ದು ಸೋಮಯ್ಯನವರದರಿಂದ.

ಹಾಗೆಂದು ಕೊಡಗು ಅದುವರೆಗೂ ಕ್ರೈಸ್ತರನ್ನು ಕಂಡಿರಲಿಲ್ಲ ಎಂದಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆನರಾದ ಕೊಂಕಣಿ ಕೆಥೊಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟಿದ್ದ. ಅಲ್ಲಿಯ ಸಂತ ಅನ್ನಮ್ಮನವರ ದೇವಾಲಯದ ಚರಿತ್ರೆ 1792ರಿಂದ ಶುರುವಾಗುತ್ತದೆ. ಅವರು ಬಂದದ್ದು ತಮ್ಮ ಮತವನ್ನು ಉಳಿಸಿಕೊಳ್ಳಲು, ಹರಡಲು ಅಲ್ಲ. ರಾಜನಿಗೂ ಪೇಟೆ ಬೆಳೆಸಲು ಕಸುಬಿನವರು ಬೇಕಾಗಿದ್ದರು. ಹಾಗಾಗಿ ಆ ನೆಲೆ ಯಾರ ಒಕ್ಕವನ್ನೂ ಅಲುಗಿಸಲಿಲ್ಲ. ಇಂದು ಅದೇ ದೇವಾಲಯದ ಹೆಸರಿನಲ್ಲಿ ವಿರಾಜಪೇಟೆಯಲ್ಲಿ ಶಾಲೆಗಳಿವೆ, ಪದವಿ ಕಾಲೇಜೂ ಇದೆ. ಅಲ್ಲಿ ಓದುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಅದು ಬೇರೆಯದೇ ಜಾಡು. ಅದಕ್ಕೆ ಬೇರೆಯದೇ ಲೇಖನ ಬೇಕು.

ಸೋಮಯ್ಯನವರದು ಒಕ್ಕವನ್ನೇ ಅಲುಗಿಸುವ ಪ್ರಶ್ನೆ. ಕೊಡವರಲ್ಲಿ ಮನುಷ್ಯ ಒಬ್ಬನೇ ಇರುವುದಿಲ್ಲ. ಅವನಿಗೆ ಒಕ್ಕವಿದೆ, ಒಕ್ಕಕ್ಕೆ ಹಿರಿಯರ ಮನೆಯಾದ ಐನ್‌ಮನೆ ಇದೆ, ಐನ್‌ಮನೆಯ ಹತ್ತಿರ ಪೂರ್ವಿಕರ ಗುಡಿಯಾದ ಕೈಮಡ ಇದೆ, ಅಲ್ಲಿ ಗುರು ಕಾರಣವರಿಗೆ, ಅಂದರೆ ಮೂಲಪುರುಷರಿಗೆ, ಮೀದಿ ಎಂಬ ಎಡೆ ಇಡುವ ಕ್ರಮ ಇದೆ. ಗದ್ದೆ ಜಮ್ಮದ್ದು: ಕಂದಾಯ ಕಡಿಮೆ, ಪಟ್ಟೆ ಹಿರಿಯನ ಹೆಸರಿಗೆ, ಹಕ್ಕು ಇಡೀ ಒಕ್ಕಕ್ಕೆ; ಮಾರುವ ಹಾಗಿರಲಿಲ್ಲ, ಒಡೆಯುವ ಹಾಗಿರಲಿಲ್ಲ. ಇಂಥ ಮನೆಯ ಮಗನೊಬ್ಬ ಕಾರಣವರ ಮುಂದೆ ಕೈಮುಗಿಯುವುದಿಲ್ಲ ಎಂದರೆ ಅವನ ಪಾಲು ಯಾರದು? ಅವನು ಇನ್ನೂ ಒಕ್ಕದವನೇ? ಜಾತಿ ಬಿಟ್ಟವನಿಗೂ ಆಸ್ತಿ ಹಕ್ಕು ಹೋಗುವುದಿಲ್ಲವೆಂದು ಕಂಪನಿ ಸರ್ಕಾರ 1850ರ 21ನೇ ಆಕ್ಟಿನಲ್ಲಿ ಬರೆದಿತ್ತು. ಬರೆದದ್ದು ಕಲ್ಕತ್ತೆಯಲ್ಲಿ, ಜಮ್ಮದ ಗದ್ದೆ ಇದ್ದದ್ದು ಕೊಡಗಿನಲ್ಲಿ.

1853ರಲ್ಲಿ ಸೋಮಯ್ಯ ದೀಕ್ಷಾಸ್ನಾನ ಪಡೆದು ಸ್ತೆಫನಸ್ ಸೋಮಯ್ಯ ಆದರು. ಒಕ್ಕ ಹೊರಗೆ ಹಾಕಿತು. ಮೋಗ್ಲಿಂಗ್ ಬಿಡಲಿಲ್ಲ, ತಕರಾರು ಸರ್ಕಾರದವರೆಗೂ ಹೋಯಿತು. ಈ ಎಲ್ಲವನ್ನೂ ಅವರು 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಶನ್ ಅಚ್ಚುಕೂಟದಲ್ಲಿ ಅಚ್ಚಾದ ‘ಕೂರ್ಗ್ ಮೆಮೊಯರ್ಸ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅರ್ಧ ಕೊಡಗಿನ ಚರಿತ್ರೆ, ಅರ್ಧ ಮಿಶನ್ನಿನ ವರದಿ. ಕೊಡವರ ಹಬ್ಬ, ಮದುವೆ, ಮಂತ್ರವಾದಗಳನ್ನು ಬಿಚ್ಚುಗಣ್ಣಿನಿಂದ ನೋಡಿದವರು ಅವುಗಳ ಬಗ್ಗೆ ತೀರ್ಪು ಕೊಡುವಾಗ ಮಾತ್ರ ಪಾದ್ರಿಯಾಗಿಬಿಡುತ್ತಾರೆ. ಅದನ್ನು ದಾಟಿ ಓದಬೇಕು. ದಾಟಿ ಓದಿದರೆ, ಮಂಗಳೂರಿನ ಪಾಠದ ಕೋಣೆಯಲ್ಲಿ ಕಲಿತ ಅಭ್ಯಾಸವೇ ಇಲ್ಲೂ ಕಾಣುತ್ತದೆ: ಮೊದಲು ಕೇಳು, ಬರೆದುಕೋ, ಆಮೇಲೆ ವಾದ ಮಾಡು. 1857ರಲ್ಲಿ ಮಂಗಳೂರಿನಲ್ಲಿ ಅವರು ‘ರಾಜೇಂದ್ರನಾಮೆ’ಯನ್ನು ಅಚ್ಚು ಹಾಕಿಸಿದರು. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಿಸಿಟ್ಟಿದ್ದ ಗ್ರಂಥ ಅದು. ಕೊಡಗಿನ ಹಾಲೇರಿ ಅರಸರು ಹೋಗಿ ಇಪ್ಪತ್ತಮೂರು ವರ್ಷವಾದ ಮೇಲೆ, ಅವರ ಮತಕ್ಕೆ ಸೇರದ, ಅವರ ನೆಲದವನಲ್ಲದ ಒಬ್ಬ ಪಾದ್ರಿ ಅವರ ಮಾತನ್ನು ಅವರ ಭಾಷೆಯಲ್ಲೇ ಉಳಿಸಿದರು.

ಕೊಡವರಲ್ಲಿ ಸೋಮಯ್ಯನವರ ಹಿಂದೆ ನಡೆದವರು ಬೆರಳೆಣಿಕೆಯವರು. ಮೋಗ್ಲಿಂಗ್ ಕಂಡ ಕನಸು ಬೇರೆ ಇತ್ತು. ಒಬ್ಬ ಬಂದರೆ ಒಕ್ಕ ಬಂದೀತು, ಒಕ್ಕ ಬಂದರೆ ನಾಡು ಬಂದೀತು ಎಂದು. ಬಂದವರು ಯಾರೆಂದರೆ ಒಕ್ಕವೇ ಇಲ್ಲದವರು. ಜಮ್ಮದ ಗದ್ದೆಗೆ ಕಟ್ಟುಬಿದ್ದು ತಲೆಮಾರುಗಳಿಂದ ದುಡಿಯುತ್ತಿದ್ದ ಹೊಲೆಯರು. 1843ರ 5ನೇ ಆಕ್ಟು ಗುಲಾಮಗಿರಿಯ ಕಾನೂನು ಬಲವನ್ನು ತೆಗೆದಿತ್ತು, ಆದರೆ ಗದ್ದೆಯ ಬದಿಯ ಗುಡಿಸಲಿಗೆ ಆ ಸುದ್ದಿ ಹೋಗಿ ಮುಟ್ಟಬೇಕಲ್ಲ. ಕಾಗದದ ಮೇಲಿನ ಬಿಡುಗಡೆಗೂ ನಿಲ್ಲಲು ಒಂದು ತುಂಡು ನೆಲಕ್ಕೂ ಬಹಳ ಅಂತರ.

ಅಷ್ಟರಲ್ಲಿ ಕೊಡಗಿನ ನೆಲದ ಬೆಲೆಯೇ ಬದಲಾಗತೊಡಗಿತ್ತು. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿಯಲ್ಲಿ ಕಾಫಿ ತೋಟ ಹಾಕಿದ. ಯುರೋಪಿಯನ್ನರ ತೋಟಗಳಲ್ಲಿ ಅದೇ ಮೊದಲನೆಯದು. ಕೆಲವೇ ವರ್ಷಗಳಲ್ಲಿ ಕಾಡು ಕಡಿದು ತೋಟ ಮಾಡುವ ಭರಾಟೆ ಶುರುವಾಯಿತು. ಕೂಲಿ ಎಂಬುದೊಂದು ಹುಟ್ಟಿತು, ಅಂದರೆ ಕೈಗೆ ಕಾಸು ಸಿಗುವ ದುಡಿಮೆ. ಹಳೆಯ ಒಡೆಯನನ್ನು ಬಿಟ್ಟು ಹೋಗಲು ಹೊಲೆಯನಿಗೆ ಮೊದಲ ಬಾರಿ ಎಲ್ಲಿಗಾದರೂ ಹೋಗುವ ಜಾಗ ಸಿಕ್ಕಿತು. ಈ ಸಂದಿನಲ್ಲೇ ಮೋಗ್ಲಿಂಗ್ ಆನಂದಪುರವನ್ನು ಕಟ್ಟಿದರು. ಅಮ್ಮತ್ತಿ, ಸಿದ್ದಾಪುರದ ಕಡೆಯ ಆ ಜಾಗದಲ್ಲಿ ಮತಾಂತರಗೊಂಡ ಹೊಲೆಯ ಕುಟುಂಬಗಳಿಗೆ ನೆಲ, ಮನೆ, ಶಾಲೆ, ದೇವಾಲಯ, ಕಾಫಿ. ಕೌಂಡಿನ್ಯರ ನೆರವೂ ಇದಕ್ಕಿತ್ತು.

ಇಲ್ಲಿ ಬಲ್ಮಠದ ಪಾಠಪಟ್ಟಿ ಪೂರ್ತಿ ತಿರುಗಿಬಿತ್ತು. ಜೈಮಿನಿ ಭಾರತವನ್ನು ಅರೆದು ಕುಡಿದ ಉಪದೇಶಿ ಆನಂದಪುರಕ್ಕೆ ಬಂದರೆ ಏನು ಮಾಡಬೇಕು? ಅಕ್ಷರವನ್ನೇ ಕಂಡಿರದವರಿಗೆ ಅಕ್ಷರ ಕಲಿಸಬೇಕು. ಕೂಲಿ ಲೆಕ್ಕ, ಜ್ವರ, ಕುಡಿತ, ಹಳೆಯ ಒಡೆಯರ ತಕರಾರು, ಕಾಫಿ ಗಿಡದ ರೋಗ ಇವುಗಳ ನಡುವೆ ಇರಬೇಕು. ಭಾನುವಾರ ಪ್ರಸಂಗ ಹೇಳುವುದು ಅವನ ಕೆಲಸದ ಅತಿ ಹಗುರ ಭಾಗ. ಸಣ್ಣ ಸೆಮಿನರಿಯೊಂದು ದೊಡ್ಡ ವಿಶ್ವವಿದ್ಯಾಲಯಕ್ಕಿಂತ ಉಪಯೋಗಕ್ಕೆ ಬರುವುದು ಇಂಥಲ್ಲಿ ಎಂದು ನನಗೆ ಅನ್ನಿಸುತ್ತದೆ. ಬಲ್ಮಠದ ಹುಡುಗರು ಮೇಷ್ಟ್ರ ಕಣ್ಣೆದುರೇ ಬೆಳೆದವರು. ಅವರಿಗೆ ಪಾಠ ಬೇರೆ, ಬಾಳು ಬೇರೆ ಎಂಬ ಗೋಡೆ ಇರಲಿಲ್ಲ. ಆನಂದಪುರದಲ್ಲಿ ಬೇಕಾದದ್ದು ಆ ಗೋಡೆ ಇಲ್ಲದವರೇ. ಆದರೆ ಇದೇ ವ್ಯವಸ್ಥೆಗೆ ಇನ್ನೊಂದು ಮುಖವೂ ಇತ್ತು. ಪಾದ್ರಿಯೇ ಗುರು, ಪಾದ್ರಿಯೇ ನೆಲದ ಯಜಮಾನ, ಪಾದ್ರಿಯೇ ಶಿಸ್ತಿನ ಅಧಿಕಾರಿ. ಒಬ್ಬ ಒಡೆಯನನ್ನು ಬಿಟ್ಟು ಬಂದವರು ಇನ್ನೊಬ್ಬರ ಮಾತು ಕೇಳಬೇಕಾಯಿತು. ಈ ಒಡೆಯ ಹೊಡೆಯುತ್ತಿರಲಿಲ್ಲ, ಮಕ್ಕಳಿಗೆ ಓದು ಕಲಿಸುತ್ತಿದ್ದ ಎಂಬುದು ದೊಡ್ಡ ವ್ಯತ್ಯಾಸವೇ; ಆದರೂ ಒಡೆಯ ಒಡೆಯನೇ.

ಮಡಿಕೇರಿಯಲ್ಲಿ ನಡೆದದ್ದು ಇದರ ತದ್ವಿರುದ್ಧ.

ಅಲ್ಲಿ ಸರ್ಕಾರದ ಇಂಗ್ಲಿಷ್ ಶಾಲೆಯೊಂದಿತ್ತು. 1850ರ ದಶಕದ ನಡುವಿನಲ್ಲಿ ಅದರ ಹೊಣೆ ಬಾಸೆಲ್‌ನವರ ಕೈಗೆ ಬಂತು. ಗೆಯೊರ್ಗ್ ರಿಕ್ಟರ್ ಬಂದರು. ಮುಂದೆ ಸೆಂಟ್ರಲ್ ಸ್ಕೂಲ್ ಎಂದು ಹೆಸರಾದ ಆ ಶಾಲೆಯ ಪ್ರಿನ್ಸಿಪಾಲರಾಗಿ, ಇಡೀ ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರರಾಗಿ ದಶಕಗಳ ಕಾಲ ಉಳಿದರು. ಕೊಡವರು ತಮ್ಮ ಮಕ್ಕಳನ್ನು ಕಳಿಸಿದರು. ದೇವಾಲಯಕ್ಕೆ ಬಾರದ ಒಕ್ಕಗಳು ಶಾಲೆಯ ಬೆಂಚಿಗೆ ಬಂದವು. ಸೋಮಯ್ಯನವರನ್ನು ಹೊರಗೆ ಹಾಕಿದ ಸಮಾಜಕ್ಕೆ ರಿಕ್ಟರ್ ಮೇಷ್ಟ್ರ ಮೇಲೆ ಮುನಿಸಿರಲಿಲ್ಲ. ಅವರು ಪಾದ್ರಿ ಎಂಬುದು ಗೊತ್ತಿತ್ತು, ಅವರು ಇಂಗ್ಲಿಷ್ ಕಲಿಸುತ್ತಾರೆ ಎಂಬುದೂ ಗೊತ್ತಿತ್ತು, ಎರಡನೆಯದು ಸಾಕಾಗಿತ್ತು. 1861ರಲ್ಲಿ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಸರ್ಕಾರ ವಿನಾಯಿತಿ ಕೊಟ್ಟಿತ್ತು. ಕೋವಿಯ ಜೊತೆ ಈಗ ಪೆನ್ನೂ ಬಂತು. ಶಾನುಭೋಗ, ಸುಬೇದಾರ, ವಕೀಲ, ಸೈನ್ಯದ ಅಧಿಕಾರಿ; ಸೆಂಟ್ರಲ್ ಸ್ಕೂಲು ಹಾಕಿಕೊಟ್ಟ ದಾರಿಗಳು ಇವು. 1899ರಲ್ಲಿ ಹುಟ್ಟಿದ ಕಾರ್ಯಪ್ಪ, ಮುಂದೆ ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು, ಆ ಶಾಲೆಯಲ್ಲೇ ಓದಿದರು.

ರಿಕ್ಟರ್ 1870ರಲ್ಲಿ ಮಂಗಳೂರಿನಲ್ಲಿ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಅಚ್ಚು ಹಾಕಿಸಿದರು. ಮಳೆ, ಮರ, ಗದ್ದೆ, ಜಾತಿ, ಹಬ್ಬ, ಕಂದಾಯ ಎಲ್ಲವೂ ಇರುವ ಪುಸ್ತಕ. ಲೂಯಿಸ್ ರೈಸ್ 1878ರಲ್ಲಿ ಕೊಡಗಿನ ಗೆಜೆಟಿಯರ್ ತಂದಾಗ ಅದರಿಂದ ಧಾರಾಳವಾಗಿ ತೆಗೆದುಕೊಂಡರು. ಇಂದಿಗೂ ಕೊಡಗಿನ ಬಗ್ಗೆ ಬರೆಯುವವರು, ಹೆಸರು ಹೇಳಿಯೋ ಹೇಳದೆಯೋ, ರಿಕ್ಟರ್ ಅವರ ಸಾಲ ಮಾಡಿರುತ್ತಾರೆ. ಅದೇ 1870ರಲ್ಲಿ ಬಾಸೆಲ್‌ನ ಇನ್ನೊಬ್ಬ ಪಾದ್ರಿ ಗ್ರೇಟರ್ ಕೊಡವ ಹಾಡುಗಳ ಒಂದು ಪುಸ್ತಕವನ್ನು, ಜೊತೆಗೆ ಕೊಡವ ವ್ಯಾಕರಣದ ರೂಪರೇಖೆಯನ್ನು ಅದೇ ಊರಿನಲ್ಲಿ ಹೊರತಂದರು. ಮೂರು ವರ್ಷ ಮುಂಚೆ ಕ್ಯಾಪ್ಟನ್ ಕೋಲ್ ಎಂಬ ಅಧಿಕಾರಿ ಕೊಡವ ಭಾಷೆಯ ವ್ಯಾಕರಣ ಬರೆದಿದ್ದರು. ಕನ್ನಡ ನಿಘಂಟಿನ ಕಿಟ್ಟೆಲ್ ಅವರೂ ಮಡಿಕೇರಿಯಲ್ಲಿ ಕೆಲಸ ಮಾಡಿದವರೇ. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಕೊಡವ ತಕ್ಕ್ ಅವರಿಗೆ ಅಧ್ಯಯನದ ವಸ್ತು. ಪಾಠ, ಪ್ರಾರ್ಥನೆ, ಪ್ರಸಂಗ ಮಾತ್ರ ಕನ್ನಡದಲ್ಲಿ. ಇದಕ್ಕೆ ಮಿಶನ್ನನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹಾಲೇರಿ ಅರಸರ ದರ್ಬಾರೇ ಕನ್ನಡದ್ದು, ಲಿಂಗರಾಜೇಂದ್ರನ ಹುಕುಂನಾಮೆ ಕನ್ನಡದ್ದು, ಶಾನುಭೋಗರ ಲೆಕ್ಕ ಕನ್ನಡದ್ದು. ಇದ್ದ ಜಾಡಿನಲ್ಲೇ ಪಾದ್ರಿಗಳು ನಡೆದರು.

ಮಡಿಕೇರಿ ಕೋಟೆಯೊಳಗೆ ಇನ್ನೊಂದು ಚರ್ಚು ಎದ್ದಿತು. ವೀರಭದ್ರನ ಗುಡಿ ಇದ್ದ ಜಾಗದಲ್ಲಿ 1859ರಲ್ಲಿ ಕಟ್ಟಿದ ಸಂತ ಮಾರ್ಕರ ಚರ್ಚು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅದು ಅಧಿಕಾರಿಗಳ, ಸೈನಿಕರ ಚರ್ಚು. ಆನಂದಪುರದ ಕುಟುಂಬಗಳಿಗೂ ಅದಕ್ಕೂ ಮತ ಒಂದೇ ಎಂಬುದರ ಹೊರತು ಸಂಬಂಧ ಹುಡುಕುವುದು ಕಷ್ಟ.

ಇಲ್ಲಿಗೆ ಬಂದು ನಿಂತರೆ ಕ್ರೈಸ್ತ ಶಿಕ್ಷಣ ಎಂಬ ಮಾತಿಗೆ ಕೊಡಗಿನಲ್ಲಿ ಎರಡು ಬೇರೆ ಬೇರೆ ಅರ್ಥಗಳು ಬಂದದ್ದು ಕಾಣುತ್ತದೆ. ಮಡಿಕೇರಿಯಲ್ಲಿ ಅದು ಕ್ರೈಸ್ತರು ಕೊಟ್ಟ ಶಿಕ್ಷಣ. ಆನಂದಪುರದಲ್ಲಿ ಅದು ಕ್ರೈಸ್ತರಾದವರ ಶಿಕ್ಷಣ. ಗದ್ದೆಯ ಒಡೆಯನ ಮಗ ಸೆಂಟ್ರಲ್ ಸ್ಕೂಲಿಗೆ, ಗದ್ದೆಯ ಆಳಿನ ಮಗ ಆನಂದಪುರದ ಶಾಲೆಗೆ. ಕಲಿಸುವವರು ಒಂದೇ ಮಿಶನ್ನಿನವರು, ಓದುವವರು ಒಂದೇ ನಾಡಿನವರು, ಬೆಂಚು ಮಾತ್ರ ಒಂದಾಗಲಿಲ್ಲ. ಮಿಶನರಿಗಳು ಬಯಸಿ ಹೀಗೆ ಮಾಡಿದರು ಎನ್ನಲಾರೆ. ಜಾತಿಯನ್ನು ಕಟುವಾಗಿ ಖಂಡಿಸಿದ್ದ ಮಿಶನ್ನು ತಾನು ಬೀಳಿಸಬೇಕೆಂದಿದ್ದ ಗೋಡೆಯ ಎರಡೂ ಬದಿಗೆ ಒಂದೊಂದು ಶಾಲೆ ನಡೆಸಿದ್ದು ಮಾತ್ರ ನಿಜ.

ಮೋಗ್ಲಿಂಗ್ ಇದನ್ನೆಲ್ಲ ನೋಡಲು ಬಹಳ ಕಾಲ ಇರಲಿಲ್ಲ. ಆಪ್ತ ಗೆಳೆಯ, ಸೋದರಸಂಬಂಧಿ ಗಾಟ್‌ಫ್ರಿಡ್ ವೈಗ್ಲೆ 1855ರಲ್ಲಿ ತೀರಿಕೊಂಡಿದ್ದರು. ಬಳಿಕ ಅವರ ವಿಧವೆ ಪೌಲೀನ್ ಅವರನ್ನು ಮೋಗ್ಲಿಂಗ್ ಮದುವೆಯಾದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. ಗೌರವ ಬಂದಾಗ ಅವರು ಕೊಡಗಿನ ಮಳೆಯಲ್ಲಿದ್ದರು. ಹೆಂಡತಿಯ ಕಾಯಿಲೆ ಹೆಚ್ಚಾಗಿ 1860ರಲ್ಲಿ ಯುರೋಪಿಗೆ ಮರಳಿದರು, ಮತ್ತೆ ಬರಲಾಗಲಿಲ್ಲ. 1866ರಲ್ಲಿ ವೈಟ್‌ಬ್ರೆಕ್ಟ್ ಅವರೊಡನೆ ಸೇರಿ ಕೊಡಗಿನ ಬಗ್ಗೆ ಜರ್ಮನ್‌ನಲ್ಲಿ ಒಂದು ಪುಸ್ತಕ ಬರೆದರು. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಹೊರಬಂತು. ಬರೆದವರು ಮಲಯಾಳಂ ನಿಘಂಟಿನ ಹೆರ್ಮನ್ ಗುಂಡರ್ಟ್. ಕೌಂಡಿನ್ಯ ಇಲ್ಲೇ ಉಳಿದರು, 1893ರವರೆಗೆ ಬದುಕಿದರು.

ಸೆಮಿನರಿಯೂ ಉಳಿಯಿತು. ಉಳಿದದ್ದು ಸುಲಭವಾಗಿ ಅಲ್ಲ. 1914ರಲ್ಲಿ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ರಾತ್ರಿ ಬೆಳಗಾಗುವುದರೊಳಗೆ ಶತ್ರುದೇಶದವರಾದರು. ಬಂಧನ, ಗಡೀಪಾರು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಸಭೆಗಳನ್ನು ಹಿಡಿದು ನಿಲ್ಲಿಸಿದವರು ಇಲ್ಲಿನ ಸಭಾಪಾಲಕರು, ಇಲ್ಲಿನ ಉಪದೇಶಿಗಳು, ಅಂದರೆ ಬಲ್ಮಠದಲ್ಲಿ ಓದಿದವರು. 1847ರಲ್ಲಿ ಯಾವ ಉದ್ದೇಶಕ್ಕೆ ಸೆಮಿನರಿ ಕಟ್ಟಿದ್ದರೋ ಅದು ಈಡೇರಿದ್ದು ಕಟ್ಟಿದವರ ದೇಶದವರನ್ನು ಹೊರಗೆ ಹಾಕಿದ ದಿನ. 1965ರಲ್ಲಿ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿಯೂ ಮಂಗಳೂರಿನದೂ ಕೂಡಿ ಕರ್ನಾಟಕ ತಿಯೊಲಾಜಿಕಲ್ ಕಾಲೇಜ್ ಆಯಿತು. ಸೇರಂಪುರದ ಸೆನೆಟ್ಟಿಗೆ ಸೇರಿದ ಅದು ಈಗಲೂ ಬಲ್ಮಠದಲ್ಲೇ ಇದೆ, ಹಳೆಯ ಮಿಶನ್ ಕಾಗದಪತ್ರಗಳ ಭಂಡಾರದೊಡನೆ. ಕೊಡಗಿನ ಪ್ರಾಟೆಸ್ಟೆಂಟ್ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯೊಳಗೆ ಬಂದು, ಮಂಗಳೂರು ಕೇಂದ್ರವಾದ ಕರ್ನಾಟಕ ದಕ್ಷಿಣ ಸಭಾಪ್ರಾಂತದಲ್ಲಿ ಸೇರಿವೆ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಈ ಸೆಮಿನರಿಯ ಪ್ರಿನ್ಸಿಪಾಲರಾಗಿದ್ದು, ಆಮೇಲೆ ಜಿನೀವಾಕ್ಕೆ ಹೋಗಿ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅನ್ಯಮತಗಳೊಡನೆ ಸಂವಾದದ ವಿಭಾಗವನ್ನು ಕಟ್ಟಿದರು. ಮೋಗ್ಲಿಂಗ್ ಅವರಿಗೆ ಎದುರಾಳಿಯಾಗಿದ್ದವರು ಸಮರ್ಥರಿಗೆ ನೆರೆಯವರಾದರು. ಅದೇ ಗುಡ್ಡದ ಮೇಲೆ ಈ ಬದಲಾವಣೆಗೆ ನೂರು ವರ್ಷ ಹಿಡಿಯಿತು.

ಸೆಮಿನರಿಯ ಬೆಲೆ ಕಟ್ಟುವಾಗ ದೀಕ್ಷಾಸ್ನಾನದ ರಿಜಿಸ್ಟರು ತೆಗೆದು ಕೂರುವವರಿದ್ದಾರೆ, ಅದರ ಪರವಾಗಿಯೂ ವಿರೋಧವಾಗಿಯೂ. ಆ ಲೆಕ್ಕದಲ್ಲಿ ಕೊಡಗು ಮಿಶನ್ನಿಗೆ ಸೋಲು. ನನಗೆ 1924ನೇ ಇಸವಿ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ ವರ್ಷ ಚನ್ನಪ್ಪ ಉತ್ತಂಗಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಪ್ರಕಟಿಸಿದರು. ಉತ್ತಂಗಿಯವರು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಓದಿ ಸಭಾಪಾಲಕರಾದವರು. ಊರೂರು ತಿರುಗಿ ಜನರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅದೇ 1924ರಲ್ಲಿ ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಬಂತು. ಕೊಡವರ ಹಾಡು, ಕ್ರಮ, ನಂಬಿಕೆಗಳನ್ನು ಕೊಡವ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ ಹಿಡಿದಿಟ್ಟ ಪುಸ್ತಕ. ಚಿಣ್ಣಪ್ಪನವರು ಕ್ರೈಸ್ತರಲ್ಲ, ಸೆಮಿನರಿಗೆ ಅವರು ಯಾವ ಋಣವನ್ನೂ ತೀರಿಸಬೇಕಿರಲಿಲ್ಲ. ಗ್ರೇಟರ್ ಹೊರಗಿನವರಾಗಿ ಒಂದಿಷ್ಟು ಹಾಡುಗಳನ್ನಷ್ಟೇ ಹಿಡಿದಿದ್ದರು. ಐವತ್ತನಾಲ್ಕು ವರ್ಷದ ಮೇಲೆ ಒಳಗಿನವರೊಬ್ಬರು ಇಡೀ ಕಣಜವನ್ನೇ ತೆರೆದರು. ಆ ಕಾಲಕ್ಕೇ ಬಂಟ್ವಾಳದ ಪಂಜೆ ಮಂಗೇಶರಾಯರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದರು. ರಿಕ್ಟರ್ ಪಾದ್ರಿ ಕೂತಿದ್ದ ಆ ಶಾಲೆಯ ಕುರ್ಚಿಯಲ್ಲಿ ಈಗ ಕನ್ನಡ ಕವಿಯೊಬ್ಬರು ಕೂತು ಕೊಡಗಿನ ಮೇಲೆ ‘ಹುತ್ತರಿ ಹಾಡು’ ಬರೆದರು. ಕೊಡಗಿನ ಮಕ್ಕಳು ಅದನ್ನು ಶಾಲೆಯಲ್ಲಿ ಕಲಿತರು, ಆನಂದಪುರದ ಮಕ್ಕಳೂ ಸೇರಿ.